ಹಳೇ ಆಟಕ್ಕೆ ಹೊಸ ಕವರ್

ಮುದ್ರಣಾಲಯದಲ್ಲಿ ಕಾಗದ ಕತ್ತರಿಸುವುದು ನನ್ನ ಕೆಲಸ. ಅಂಚು ಕೂದಲೆಳೆಯಷ್ಟೂ ಆಚೀಚೆ ಆಗುವುದಿಲ್ಲ. ನನಗಿದ್ದದ್ದು ಅದೊಂದೇ ಜಂಬ, ಅದೇ ನನ್ನ ಮಾನ ಕಳೆಯಿತು.

ಮನೆಯ ಕಂಪ್ಯೂಟರ್ ಯಾವುದೋ ಆಫೀಸಿನವರು ಬೇಡವೆಂದು ಬಿಟ್ಟದ್ದು. ಹೊಸ ಆಟ ಹಾಕಿದರೆ ಉಸ್ಸಪ್ಪಾ ಎಂದು ಕೂತುಬಿಡುತ್ತದೆ. ಕೊಳ್ಳುವ ತಾಕತ್ತು ನನಗೂ ಇಲ್ಲ ಬಿಡಿ. ಹಳೇ ಸಾಮಾನಿನ ಅಂಗಡಿಯ ಪೆಟ್ಟಿಗೆಯಲ್ಲಿ ಕೈಯಾಡಿಸಿ, ಒಂದು ಹೊತ್ತಿನ ತಿಂಡಿಯ ದುಡ್ಡಿಗೆ ಸಿಗುವ ಡಿಸ್ಕ್ ತರುತ್ತೇನೆ. ಭಾನುವಾರ ಬೆಳಿಗ್ಗೆ ನಾನೂ ಮಗಳೂ ಒಂದೇ ಕುರ್ಚಿಯಲ್ಲಿ ಒತ್ತಿಕೊಂಡು ಕೂತು ಫುಟ್‌ಬಾಲ್ ಆಡುತ್ತೇವೆ. ಆಟಗಾರರ ಮುಖವೆಲ್ಲ ಚೌಕ. ನಿಂತಲ್ಲೇ ತೂಕಡಿಸುವ ಗೋಲ್‌ಕೀಪರನಿಗೆ ಅವಳಿಟ್ಟ ಹೆಸರು ಗೊರಕೆರಾಯ. ನಕ್ಕು ನಕ್ಕು ಹೊಟ್ಟೆ ಹುಣ್ಣಾಗುತ್ತದೆ.

ಹುಟ್ಟುಹಬ್ಬಕ್ಕೆ ಅವಳು ಈ ವರ್ಷ ಬಂದ ಫುಟ್‌ಬಾಲ್ ಆಟವನ್ನೇ ಕೇಳಿದಳು. ಇಲ್ಲ ಅನ್ನಲು ನಾಲಿಗೆ ಏಳಲಿಲ್ಲ. ಹಳೇ ಸಾಮಾನಿನ ಅಂಗಡಿಯಿಂದಲೇ ಅದೇ ಆಟದ ಎಂಟು ವರ್ಷ ಹಳೆಯ ಡಿಸ್ಕ್ ತಂದು, ಈ ವರ್ಷದ ಇಸವಿ ಹಾಕಿ ಕವರ್ ಮುದ್ರಿಸಿ, ನೀಟಾಗಿ ಕತ್ತರಿಸಿ ಡಬ್ಬಿಗೆ ತೂರಿಸಿ, ಅಂಗಡಿಯಲ್ಲಿ ಹೊಸದೇ ಸಿಕ್ಕಿತು ಎಂದೆ. ಆಟ ಶುರುವಾಗುವಾಗ ಪರದೆಯ ಮೇಲೆ ಹಳೇ ಇಸವಿ ಬರುತ್ತಿತ್ತು. ಅವಳು ನೋಡುವಷ್ಟರಲ್ಲಿ ನಾನೇ ಗುಂಡಿ ಒತ್ತಿ ದಾಟಿಸುತ್ತಿದ್ದೆ.

ಒಂದು ಭಾನುವಾರ ನನಗೆ ಹೆಚ್ಚುವರಿ ಕೆಲಸ ಬಿತ್ತು. ಮಗಳು ಪಕ್ಕದ ಮನೆಯ ಹುಡುಗಿಯ ಜೊತೆ ಆಡಲು ಕೂತಳು. ಇಸವಿ ಕಂಡಿತು. ನಾನು ಮನೆಗೆ ಬರುವಷ್ಟರಲ್ಲಿ ಹೆಂಡತಿ ಚಪ್ಪಲಿ ಮೆಟ್ಟಿ ಬಾಗಿಲಲ್ಲೇ ನಿಂತಿದ್ದಳು.

“ಆ ಅಂಗಡಿಯವನು ನಿಮಗೆ ಟೋಪಿ ಹಾಕಿದಾನೆ. ನಡೀರಿ, ಕೇಳೇಬಿಡೋಣ!”

ಆಗಲೇ ಹೇಳಬೇಕಿತ್ತು. ಹೇಳಲಿಲ್ಲ, ಅವಳ ಮತ್ತು ಡಬ್ಬಿ ಹಿಡಿದ ಮಗಳ ಹಿಂದೆ ಹಿಂದೆ ಕಳ್ಳನ ಹಾಗೆ ನಡೆದೆ.

ಅಂಗಡಿಯಲ್ಲಿ ನಾಲ್ಕು ಜನರ ಎದುರು ಹೆಂಡತಿ ಅಂಗಡಿಯ ಮುದುಕನ ನೀರಿಳಿಸಿದಳು. “ಮಕ್ಕಳಿಗೂ ಮೋಸ ಮಾಡ್ತೀರಲ್ಲಾ, ನಾಚಿಕೆ ಆಗಲ್ವಾ ನಿಮಗೆ?”

ಅವನು ಕನ್ನಡಕ ಏರಿಸಿ, ಕವರ್ ಹೊರತೆಗೆದು ಅಂಚಿನ ಮೇಲೆ ಹೆಬ್ಬೆರಳು ಸವರಿದ. ಅವನ ಬಿಲ್ ಪುಸ್ತಕ ಕತ್ತರಿಸಿಕೊಡುವವನೂ ನಾನೇ. ತಲೆಯೆತ್ತಿ ಒಮ್ಮೆ ನನ್ನನ್ನು ನೋಡಿದ. ನಾನು ನೆಲ ನೋಡಿದೆ.

“ತಪ್ಪಾಯ್ತಮ್ಮ,” ಎಂದ. “ದುಡ್ಡು ವಾಪಸ್ ಕೊಡ್ತೀನಿ.”

ಮಗಳು ಡಬ್ಬಿಯನ್ನು ಎದೆಗೆ ಅವುಚಿಕೊಂಡಳು. “ಬೇಡ ತಾತ, ಹಳೇದಾದ್ರೂ ಚೆನ್ನಾಗಿದೆ. ಇದ್ರಲ್ಲೂ ಗೊರಕೆರಾಯ ಇದಾನೆ. ಆದ್ರೆ ಇನ್ಮೇಲೆ ನಮ್ಮಪ್ಪಂಗೆ ಸುಳ್ಳು ಹೇಳ್ಬೇಡಿ. ಪಾಪ, ಅವ್ರು ಯಾರೇನು ಹೇಳಿದ್ರೂ ನಂಬಿಬಿಡ್ತಾರೆ.”

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಹೇಳಲೇಬೇಕೆಂದು ಬಾಯಿ ತೆರೆದೆ. “ಹೊತ್ತಾಯ್ತು, ನಡೀರಿ,” ಅಂದೆ.

ಮುದುಕ ಕವರನ್ನು ಮಡಚದೆ, ಮುಕ್ಕಾಗದಂತೆ ಎರಡೂ ಕೈಯಲ್ಲಿ ಹಿಡಿದು ನನ್ನ ಕೈಗೇ ಕೊಟ್ಟ. ದಾರಿಯಲ್ಲಿ ಮಗಳು ನನ್ನ ಇನ್ನೊಂದು ಕೈ ಹಿಡಿದು, “ಬೇಜಾರ್ ಮಾಡ್ಕೋಬೇಡಿ ಅಪ್ಪಾ,” ಎಂದು ಮನೆಯವರೆಗೂ ಸಮಾಧಾನ ಮಾಡುತ್ತಲೇ ಬಂದಳು.