ತೆರೆಯಬಾರದಿದ್ದ ಬಾಗಿಲು

ಗಂಡನ ಅಕ್ಕನನ್ನು ಇವರ ಪ್ರಯೋಗಾಲಯಕ್ಕೆ ಹೊರಡಿಸಲು ನಾನು ಪಟ್ಟ ಪಾಡು ನನಗೇ ಗೊತ್ತು. ಹೋದ ಬೇಸಿಗೆಯಲ್ಲಿ ಅತ್ತೆ ಸಾಯುವಾಗ ಮಗನಾದವನು ಬರಲಿಲ್ಲವೆಂದು ಅತ್ತಿಗೆ ವರ್ಷದಿಂದ ತಮ್ಮನ ಜೊತೆ ಮಾತು ಬಿಟ್ಟಿದ್ದರು. ಇವರ ಪರ ವಾದಿಸಿ ವಾದಿಸಿ ನನ್ನ ಗಂಟಲೇ ಕಟ್ಟಿತ್ತು. ಗಾಳಿಯಿಲ್ಲದ ಪರೀಕ್ಷಾ ಕೋಣೆಯೊಳಗೆ ಬಾಹ್ಯಾಕಾಶ ನೌಕೆಯಿದ್ದರೆ ಬಾಗಿಲು ತೆಗೆಯುವಂತಿಲ್ಲ, ನೋಡಿಕೊಳ್ಳುವವರು ಜಾಗ ಬಿಟ್ಟು ಕದಲುವಂತಿಲ್ಲ ಎಂದು ಇವರು ಫೋನಿನಲ್ಲಿ ಹೇಳಿದ್ದನ್ನು ಅತ್ತೆಯ ಹಾಸಿಗೆ ಪಕ್ಕ ಕೂತು ಗಿಳಿಪಾಠದಂತೆ ಒಪ್ಪಿಸಿದ್ದೆ. "ಬಾಗಿಲು ತೆಗೆದ್ರಂತಾ?" ಎಂದು ಅತ್ತೆ ಕೊನೆಯವರೆಗೂ ಕೇಳುತ್ತಿದ್ದರು.

ಅಂದು ಮನೆಯವರಿಗೆಲ್ಲ ಪ್ರವೇಶವಿದ್ದ ದಿನ. "ಕಣ್ಣಾರೆ ನೋಡಿ ಅತ್ತಿಗೆ, ಆಮೇಲೆ ಬೈಯಿರಿ" ಎಂದೆ. ಒಳಗೆ ಬಿಡುವ ಮುನ್ನ ನಮಗೆ ಬಿಳಿ ನಿಲುವಂಗಿ, ತಲೆಗೆ ಟೋಪಿ, ಚಪ್ಪಲಿ ಮೇಲೊಂದು ಚೀಲ ತೊಡಿಸಿದರು. "ಈ ವೇಷದಲ್ಲಿ ನೋಡಿದ್ರೆ ನನ್ನ ಮೊಮ್ಮಕ್ಕಳು ಕಿರುಚ್ಕೊಂಡು ಓಡ್ತಾರೆ" ಎಂದರು ಅತ್ತಿಗೆ.

ನೌಕೆ ಎದುರಿಗೇ ನಿಂತಿತ್ತು, ಮೈತುಂಬ ಚಿನ್ನದ ಬಣ್ಣದ ಹಾಳೆ ಸುತ್ತಿಕೊಂಡು, ಉಡುಗೊರೆ ಕಟ್ಟಿಟ್ಟ ಬೀರುವಿನಂತೆ. ಅಂಚಿನ ಹೊಲಿಗೆ ಕೂಡ ಕಾಣುತ್ತಿತ್ತು. ಅತ್ತಿಗೆಯ ಮುಖ ಸಡಿಲವಾಯಿತು. "ಇದನ್ನ ನೀನು ಮಾಡಿದ್ದೇನೋ?" ಎಂದು ಪಕ್ಕದಲ್ಲೇ ನಿಂತಿದ್ದ ತಮ್ಮನನ್ನು ಕೇಳಿದರು. ವರ್ಷದ ಮೇಲೆ ಮೊದಲ ಮಾತು! ನನಗೆ ಅಳುವೇ ಬಂತು.

ಅಲ್ಲಿಗೆ ಸುಮ್ಮನಿರಬಾರದಿತ್ತೇ ನಾನು? ಪರೀಕ್ಷಾ ಕೋಣೆಯ ಉಕ್ಕಿನ ಬಾಗಿಲು ತೋರಿಸಿ, ನಮ್ಮನ್ನು ಸುತ್ತಾಡಿಸುತ್ತಿದ್ದ ಇವರ ಸಹಾಯಕಿಯನ್ನು ಕೇಳಿದೆ: "ಹೋದ ಬೇಸಿಗೇಲಿ ಇದನ್ನ ತೆಗೆಯೋ ಹಾಗೇ ಇರ್ಲಿಲ್ಲ ಅಲ್ವಾ? ಸ್ವಲ್ಪ ಹೇಳಮ್ಮ ನಮ್ಮ ಅತ್ತಿಗೆಗೆ."

"ಹೋದ ಬೇಸಿಗೇಲಾ?" ಹುಡುಗಿ ನಕ್ಕಳು. "ಗಾಳಿ ಎಳೆಯೋ ಪಂಪು ಕೆಟ್ಟು ಇಡೀ ತಿಂಗಳು ಬಾಗಿಲು ತೆರೆದೇ ಬಿದ್ದಿತ್ತು. ಎಲ್ರಿಗೂ ರಜೆ. ಮನೆಗೆ ಬಣ್ಣ ಹೊಡೀತಿದಾರೆ ಅಂತ ಸರ್ ಮಾತ್ರ ಇಲ್ಲಿ ಗೆಸ್ಟ್ ಹೌಸಲ್ಲೇ ಇದ್ರು."

ಇವರ ಮುಖ ಬಿಳಿಚಿತು. "ಅಮ್ಮನ್ನ ಆ ಸ್ಥಿತೀಲಿ ನೋಡೋಕೆ ನನ್ನಿಂದ ಆಗ್ಲಿಲ್ಲ ಅಕ್ಕ" ಎಂದರು.

ನೋಡಲಾಗಲಿಲ್ಲವಂತೆ! ನಾನು ನೋಡಲಿಲ್ಲವೇ? ಮೈಯೆಲ್ಲ ಉರಿದುಹೋಯಿತು. ಮಗ ಈಗ ಬಂದಾನು, ಆಗ ಬಂದಾನು ಎಂದು ಜೀವ ಹಿಡಿದುಕೊಂಡಿದ್ದ ಮುದುಕಿಗೆ ನನ್ನ ಬಾಯಿಂದಲೇ ಸುಳ್ಳು ಹೇಳಿಸಿದ್ದರು ಈ ಮಹಾನುಭಾವರು.

ಅತ್ತಿಗೆ ತಮ್ಮನನ್ನು ಬಿಟ್ಟು ನನ್ನ ಕಡೆ ತಿರುಗಿದರು.

"ಅಮ್ಮನ ಕಣ್ಣಲ್ಲಿ ಕಣ್ಣಿಟ್ಟು ಹೇಳ್ತಿದ್ಯಲ್ಲೇ, ಬಂದೇ ಬರ್ತಾರೆ ಅಂತ. ನಿಂಗೆಲ್ಲಾ ಗೊತ್ತಿತ್ತು, ಅಲ್ವಾ?"

"ದೇವರಾಣೆಗೂ ಇಲ್ಲ ಅತ್ತಿಗೆ!" ಇವರ ತೋಳು ಹಿಡಿದು ಜಗ್ಗಿದೆ. "ಹೇಳ್ರೀ! ಅವಳಿಗೆ ಗೊತ್ತಿರ್ಲಿಲ್ಲ ಅಂತ ಒಂದು ಮಾತು ಹೇಳ್ರೀ!"

ಅತ್ತಿಗೆ ಕಾದರು. ಇವರು ಬಾಯಿ ಬಿಡಲಿಲ್ಲ.