ಮೂರು ಗುಟುಕು ಗಂಗೆ

ನಮ್ಮ ಮಾವ ಮುನಿಆಂಜನಪ್ಪನವರಿಗೆ ಹೇಸಿಗೆ ಎಂಬುದೇ ಇಲ್ಲ. ಇದ್ದಿದ್ದರೆ ನೂರಿಪ್ಪತ್ತು ಹುಡುಗರ ಪಿ.ಜಿ. ಕಟ್ಟಿಸಿ, ಅದರ ಕಕ್ಕಸಿನ ಪೈಪನ್ನು ನೇರವಾಗಿ ಹೊಳೆಗೆ ಬಿಟ್ಟು, ಅದೇ ಹೊಳೆಯಿಂದ ಮೊಮ್ಮಗನ ಮದುವೆಗೆ ಗಂಗೆ ತರಬೇಕೆಂದು ಹಟ ಹಿಡಿಯುತ್ತಿರಲಿಲ್ಲ.

ಹೊಳೆ ಎಂದರೆ ಹೊರಗಿನವರು ನಗುತ್ತಾರೆ. ನಗಲಿ. ಇಂದಿರಾನಗರ, ದೊಮ್ಮಲೂರಿನವರು ಮಿಂದದ್ದು, ತೊಳೆದದ್ದು, ಹೇತದ್ದು ಎಲ್ಲವೂ ಕೆರೆಯಿಂದ ಕೆರೆಗೆ ಇಳಿದು, ಮಾರತ್ತಹಳ್ಳಿಯ ಆಚೆ ನಮ್ಮೂರ ಪಕ್ಕದಲ್ಲಿ ಹಾದು, ದಕ್ಷಿಣ ಪಿನಾಕಿನಿಗೆ ಸೇರಿ ತಮಿಳುನಾಡಿಗೆ ಹೋಗುತ್ತದೆ. ನಾನು ಸೊಸೆಯಾಗಿ ಬಂದ ವರ್ಷ ದಡದಲ್ಲಿ ಮರಳಿತ್ತು. ಮೊಣಕೈ ಆಳ ತೋಡಿದರೆ ತಿಳಿಯಾದ ಒರತೆ ಏಳುತ್ತಿತ್ತು. ಮದುವೆಯ ದಿನ ಆ ನೀರನ್ನೇ ನನ್ನ ತಲೆಗೆ ಸುರಿದಿದ್ದರು. ಆಮೇಲೆ ಲಾರಿಗಳು ಮರಳನ್ನು ಹೊತ್ತೊಯ್ದವು. ಅವುಗಳಲ್ಲಿ ಎರಡು ನಮ್ಮವೇ. ಈಗ ಉಳಿದಿರುವುದು ಕರಿ ಕೆಸರು, ಮೊಣಕಾಲೆತ್ತರ ನೊರೆ, ಯಾರದೋ ಮಕ್ಕಳ ಡೈಪರು. ಈ ನೀರಲ್ಲಿ ಬೆಳೆದ ಸೊಪ್ಪನ್ನು ಮಾವ ದಿನಾ ಮಾರ್ಕೆಟ್ಟಿಗೆ ಕಳಿಸುತ್ತಾರೆ. ನಮ್ಮನೆ ಸಾರಿಗೆ ಮಾತ್ರ ಸೊಪ್ಪು ಬೇರೆ ಅಂಗಡಿಯಿಂದ ಬರುತ್ತದೆ.

ಪಿ.ಜಿ. ಪೈಪಿನ ಬಾಯಿಂದ ಹತ್ತು ಹೆಜ್ಜೆಗೆ ನಮ್ಮವೇ ನಾಲ್ಕು ಶೀಟಿನ ಮನೆಗಳಿವೆ. ಅವುಗಳಲ್ಲೊಂದರಲ್ಲಿ ಕಲಬುರಗಿ ಕಡೆಯ ಅಮೃತಮ್ಮ ಬಾಡಿಗೆಗಿದ್ದಾಳೆ, ನಮ್ಮಲ್ಲೇ ಕೆಲಸ ಮಾಡುತ್ತಾಳೆ. ಜೋರು ಮಳೆ ಬಂದರೆ ಪೈಪಿನದೆಲ್ಲ ಅವಳ ಒಲೆಯ ತನಕ ಬರುತ್ತದೆ. ಒಮ್ಮೆ ನೋಡಿದ ಮೇಲೆ ನನಗೆ ಎರಡು ದಿನ ಅನ್ನ ಇಳಿಯಲಿಲ್ಲ. ಪೈಪನ್ನು ರಸ್ತೆಯ ಒಳಚರಂಡಿಗೆ ಸೇರಿಸಿ ಎಂದು ಎರಡು ವರ್ಷದಿಂದ ಮಾವನ ಹಿಂದೆ ಬಿದ್ದಿದ್ದೆ.

"ಹೊಳೆ ಇರೋದೇ ಹರಿಯೋಕೆ ಕಣಮ್ಮ ಸುಕನ್ಯ. ನಾನೊಬ್ಬ ನಿಲ್ಲಿಸ್ಬಿಟ್ರೆ ಇಲ್ಲಿ ಕಾವೇರಿ ಹರಿಯುತ್ತಾ?" ಎನ್ನುತ್ತಿದ್ದರು. ನನ್ನ ಗಂಡ ಶ್ರೀನಾಥ್ ಆ ಹೊತ್ತಿಗೆ ಸರಿಯಾಗಿ ಫೋನು ಹಿಡಿದು ಹೊರಗೆ ಹೋಗುತ್ತಿದ್ದರು.

ಈಗ ನಮ್ಮ ಮಗ ನಿತೀಶನ ಮದುವೆ. ನಮ್ಮ ಮನೆತನದ ಕಟ್ಟು ಹೀಗಿದೆ: ಹುಡುಗನ ತಾಯಿ ಹೊಳೆಯ ಒರತೆಯಿಂದ ಬಿಂದಿಗೆ ತುಂಬಿ ತರಬೇಕು. ಮನೆಯ ಹಿರಿಯರು ಹೊಸ್ತಿಲಲ್ಲಿ ಮೂರು ಗುಟುಕು ತೀರ್ಥ ತೆಗೆದುಕೊಳ್ಳುವವರೆಗೂ ಬಿಂದಿಗೆ ನೆಲ ಮುಟ್ಟಬಾರದು. ಆಮೇಲೆ ಆ ನೀರನ್ನು ಮದುವಣಿಗನ ತಲೆಗೆ ಹಾಕಬೇಕು. ಕುಡಿಯುವ ಪಾಳಿ ತಮ್ಮದೇ ಆದ್ದರಿಂದ ಮಾವ ಮೊದಲೇ ಉಪಾಯ ಮಾಡಿದ್ದರು. ದಡದಲ್ಲಿ ಗುಂಡಿ ತೆಗೆದು, ಒಳಗೆ ಹೊಸ ಪ್ಲಾಸ್ಟಿಕ್ ಹಾಳೆ ಹಾಸಿ, ಎರಡು ಕ್ಯಾನ್ ಕುಡಿಯುವ ನೀರು ಸುರಿಯುವುದು. ಅದಕ್ಕೆ ಅರಿಸಿನ ಕುಂಕುಮ ಹಾಕಿ, ಗಂಗಮ್ಮ ತಾಯಿ ಎಂದು ಕೈಮುಗಿಯುವುದು. ಪುರೋಹಿತರೂ ಆಗಬಹುದು ಎಂದರು. ದೇವರಿಗೂ ಮೋಸ ಮಾಡುವ ಈ ಜನರೊಂದಿಗೆ ನಾನು ಇಷ್ಟು ವರ್ಷ ಉಂಡಿದ್ದೇನೆ.

ಬೆಳಿಗ್ಗೆ ಏಳಕ್ಕೆ ವಾದ್ಯದವರೊಂದಿಗೆ ಹೋದೆವು. ನೆಂಟರೆಲ್ಲ ಸೆರಗು, ಕರ್ಚೀಫು ಮೂಗಿಗೆ ಹಿಡಿದು ಮೇಲೆ ರಸ್ತೆಯಲ್ಲೇ ನಿಂತರು. ವಿಡಿಯೋದವನೂ ಅಲ್ಲಿಂದಲೇ ತೆಗೆದ. ನಾನೊಬ್ಬಳೇ ಇಳಿದೆ. ಗುಂಡಿ ಸಿದ್ಧ ಮಾಡಲು ಮಾವ ಮೊದಲೇ ಕಳಿಸಿದ್ದ ಅಮೃತಮ್ಮ ಅದರ ಪಕ್ಕ ಮಿಂದು, ಮಡಿ ಸೀರೆ ಉಟ್ಟು, ಮುಖವೆಲ್ಲ ಸಂತೋಷವಾಗಿ ನಿಂತಿದ್ದಳು. ಗುಂಡಿಯಲ್ಲಿ ನೀರು ತುಂಬಿತ್ತು. ಬೂದಿ ಬಣ್ಣದ ನೀರು, ಅಂಚಿಗೆ ನೊರೆ. ಹಾಳೆ ಇರಲಿಲ್ಲ.

"ಪ್ಲಾಸ್ಟಿಕ್ ಎಲ್ಲಿ ಅಮೃತಮ್ಮ?"

"ತಗದೀನ್ರಿ ಅಕ್ಕಾರ. ನಮ್ಮ ಭೀಮಾ ಹೊಳ್ಯಾಗ ವರ್ತಿ ತೋಡೂ ಮುಂದ ಗಂಗವ್ವ ತಾನಾ ಏಳ್ತಾಳ್ರಿ. ಹಾಳಿ ಹಾಸಿದ್ರ ಆಕಿ ಹ್ಯಾಂಗ ಬರ್ಬೇಕು? ಕ್ಯಾನಿನ ನೀರು ಚೆಲ್ಲಿಬಿಟ್ಟೆ. ಇನ್ನಷ್ಟು ಆಳ ತೋಡಿದ ಮ್ಯಾಲ ಬಂದ್ಳು ನೋಡ್ರಿ!"

ಅಷ್ಟು ಶ್ರದ್ಧೆಯಿಂದ ಅವಳು ತಪ್ಪು ಮಾಡಿದ್ದಳು. ಆ ನೀರಿನ ನಾತ ಮೂಗಿಗೆ ಬಡಿದಾಗ, ಇದನ್ನು ಮೊದಲು ಕುಡಿಯಬೇಕಾದವರು ಯಾರು ಎಂಬುದು ನೆನಪಾಯಿತು. ಬಿಂದಿಗೆ ತುಂಬಿದೆ. ಬಾಯಿಗೆ ವೀಳ್ಯದೆಲೆ ಮುಚ್ಚಿ ಸೊಂಟಕ್ಕೇರಿಸಿಕೊಂಡೆ. ದಾರಿಯುದ್ದಕ್ಕೂ ಅದು ತುಳುಕಿ ನನ್ನ ರೇಷ್ಮೆ ಸೀರೆಗೆ ಬಿತ್ತು.

ಹೊಸ್ತಿಲಲ್ಲಿ ಮಾವ ಜರತಾರಿ ಪೇಟ ಸುತ್ತಿ ನಿಂತಿದ್ದರು. ಹಿಂದೆ ಬೀಗರು, ಮುಂದೆ ಕ್ಯಾಮೆರಾ. ನಾನು ಹತ್ತಿರ ಹೋಗಿ, ವಾದ್ಯದ ಗದ್ದಲದಲ್ಲಿ ಅವರೊಬ್ಬರಿಗೇ ಕೇಳುವಂತೆ ಹೇಳಿದೆ:

"ಮಾವ, ಅಮೃತಮ್ಮ ಹಾಳೆ ತೆಗ್ದುಬಿಟ್ಟಿದ್ದಾಳೆ. ಇದು ನಿಜವಾದ ಹೊಳೆ ನೀರು. ಪೈಪ್ ಒಳಚರಂಡಿಗೆ ಹಾಕಿಸ್ತೀನಿ ಅಂತ ಎಲ್ರ ಎದುರಿಗೆ ಒಂದ್ಮಾತು ಹೇಳಿ, ಈಗ್ಲೇ ಬೇರೆ ನೀರು ತರಿಸ್ತೀನಿ. ಇಲ್ಲಾಂದ್ರೆ ನೀವು ಇದನ್ನೇ ಕುಡಿಯೋ ತನಕ ಬಿಂದಿಗೆ ಇಳಿಸಲ್ಲ. ಮುಹೂರ್ತ ಮೀರ್ಲಿ."

ಅವರು ಎಲೆ ಸರಿಸಿ ಬಿಂದಿಗೆಯೊಳಗೆ ನೋಡಿದರು. ಮೂಗಿನ ಹೊಳ್ಳೆ ಅರಳಿತು. ಗೆದ್ದೆ ಎಂದುಕೊಂಡೆ. ಅವರು ಬೀಗರನ್ನು ನೋಡಿದರು, ಕ್ಯಾಮೆರಾ ನೋಡಿದರು, ಆಮೇಲೆ ನನ್ನನ್ನು. ಬಲ ಅಂಗೈಯನ್ನು ಗುಳಿ ಮಾಡಿ ಮುಂದೆ ಹಿಡಿದರು. ನಾನು ಬಿಂದಿಗೆ ಬಾಗಿಸಲಿಲ್ಲ. ಅವರೇ ಎಡಗೈಯಿಂದ ಅದನ್ನು ಬಾಗಿಸಿಕೊಂಡರು.

ಒಂದು ಗುಟುಕು. ಎರಡು. ಮೂರು. ಅಂಗೈಯಲ್ಲಿ ಉಳಿದದ್ದನ್ನು ಪೇಟಕ್ಕೆ ಸವರಿಕೊಂಡು ಮೀಸೆ ಒರೆಸಿದರು.

"ಸಿಹಿಯಾಗಿದೆ," ಎಂದರು ಗಟ್ಟಿಯಾಗಿ. "ಒಳಗ್ ಬಾರಮ್ಮ. ಮಗನ ತಲೆಗೆ ಹಾಕು."

ಎಲ್ಲರೂ ಅಕ್ಷತೆ ಎರಚಿದರು. ಒಳಗೆ ನಿತೀಶ ಎಣ್ಣೆ ಹಚ್ಚಿಸಿಕೊಂಡು, ಕಣ್ಣು ಮುಚ್ಚಿ ಮಣೆಯ ಮೇಲೆ ಕೂತಿದ್ದ. ಪೈಪು ತೆಗೆಸುವುದಕ್ಕಿಂತ ಹೇಲು ಕುಡಿಯುವುದೇ ಸುಲಭವೆಂದುಕೊಂಡ ಮನುಷ್ಯನ ಮುಂದೆ ನನ್ನಲ್ಲಿ ಇನ್ನೇನೂ ಉಳಿದಿರಲಿಲ್ಲ. ಮಗನ ಮೇಲೆ ಅದನ್ನು ಸುರಿಯುವಷ್ಟು ಕೆಟ್ಟವಳೂ ನಾನಲ್ಲ. ಕಾಲು ಜಾರಿದಂತೆ ಮಾಡಿ ಅಂಗಳದಲ್ಲೇ ಬಿಂದಿಗೆ ಕೈಬಿಟ್ಟೆ. ಬೀಗರ ಹೆಂಗಸರು ಸೀರೆ ಎತ್ತಿಕೊಂಡು ಹಿಂದೆ ಜಿಗಿದರು. "ಪರವಾಗಿಲ್ಲ, ಕ್ಯಾನ್ ತನ್ನಿ" ಎಂದು ಮಾವನೇ ಕೂಗಿದರು. ಸೀಲು ಒಡೆದ ಕ್ಯಾನಿನ ನೀರಲ್ಲಿ ನನ್ನ ಮಗನಿಗೆ ಸ್ನಾನವಾಯಿತು. ಅಂಗಳವನ್ನು ಅಮೃತಮ್ಮ ಫಿನಾಯಿಲು ಹಾಕಿ ಉಜ್ಜಿದಳು. ಉಜ್ಜುವ ಮೊದಲು ಆ ಕೊಚ್ಚೆಗೆ ಬೆರಳು ಮುಟ್ಟಿಸಿ ಕಣ್ಣಿಗೊತ್ತಿಕೊಂಡಳು.

ಸಂಜೆ ಆರತಕ್ಷತೆಯ ಹೊತ್ತಿಗೆ ಮಾವ ಬಚ್ಚಲು ಸೇರಿದರು. ಪಿ.ಜಿ.ಯ ನೆಲಮಹಡಿಯೇ ನಮ್ಮ ಮನೆ. ಕರುಳು ಕಿತ್ತು ಬರುವಂತೆ ಕಾರಿದರು. ಅಡುಗೆಯವರು ಹಳಸಿದ ಪನೀರ್ ಹಾಕಿದ್ದಾರೆಂದು ಬಂದವರಿಗೆಲ್ಲ ಹೇಳಿಸಿದರು. ನಾನು ಬಾಗಿಲಾಚೆ ಚೊಂಬು ಹಿಡಿದು ನಿಂತಿದ್ದೆ. ಅವರು ಫ್ಲಶ್ ಒತ್ತಿದರು. ನೀರು ಗುಳುಗುಳು ಎಂದು ಅದೇ ಪೈಪಿನಲ್ಲಿಳಿದು, ಅಮೃತಮ್ಮನ ಬಾಗಿಲ ಕಡೆಗೆ ಹೋಯಿತು.