ತಿನ್ನದ ಮೈದಾ

ಕದ್ದು ತಿಂದಿರಬೇಕು. ಇಲ್ಲ, ತಿಂದಿರಲಿಕ್ಕಿಲ್ಲ, ಇವಳು ಅಂಥ ಮಗುವಲ್ಲ. ಆದರೆ ತಿನ್ನದೇ ರಕ್ತದಲ್ಲಿ ಹೇಗೆ ಕಾಣಿಸುತ್ತದೆ? ರಕ್ತ ಸುಳ್ಳು ಹೇಳುತ್ತದೆಯೇ? ಮಗು ಹೇಳೀತು. ರಕ್ತ ಹೇಳುವುದಿಲ್ಲ.

ಸೇಲಂ ಆಸ್ಪತ್ರೆಯಿಂದ ಅಮ್ಮಾಪೇಟೆಗೆ ಹೋಗುವ ಟೌನ್ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಿದ್ದ ನೇಕಾರ ಚಿನ್ನರಾಜನ ತಲೆಯೊಳಗೆ ಇದೇ ಮಾತು ಲಾಳಿಯಂತೆ ಅತ್ತಿಂದಿತ್ತ ಓಡುತ್ತಿತ್ತು. ಪಕ್ಕದ ಸೀಟಿನಲ್ಲಿ ಮಗಳು ಮಾಲತಿ ಕಿಟಕಿಗೆ ಹಣೆಯೊತ್ತಿ ಕೂತಿದ್ದಳು. ಹನ್ನೊಂದು ವರ್ಷದ ಹುಡುಗಿ. ನೋಡಿದವರು ಎಂಟು ಎನ್ನುತ್ತಿದ್ದರು.

ಎರಡು ವರ್ಷದ ಹಿಂದೆ ಶಾಲೆಯ ಪ್ರಾರ್ಥನೆಯ ಹೊತ್ತಿನಲ್ಲಿ ಅವಳು ನಿಂತಲ್ಲೇ ಕುಸಿದಿದ್ದಳು. ಹೊಟ್ಟೆ ಉಬ್ಬಿತ್ತು, ಕೈಕಾಲು ಕಡ್ಡಿಯಾಗಿದ್ದವು. ಭೇದಿ ನಿಲ್ಲುತ್ತಲೇ ಇರಲಿಲ್ಲ. ಜಂತುಹುಳುವಿನ ಔಷಧಿ ಆಯಿತು, ರಕ್ತಹೀನತೆಯ ಮಾತ್ರೆ ಆಯಿತು, ತಾಯತವೂ ಆಯಿತು. ಮಗು ಉಳಿಯುವುದಿಲ್ಲ ಎಂದು ಚಿನ್ನರಾಜ್ ಒಳಗೊಳಗೇ ಅಂದುಕೊಂಡಿದ್ದ. ಕೊನೆಗೆ ದೊಡ್ಡಾಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿ, ಬಾಯಿಂದ ಟ್ಯೂಬು ಇಳಿಸಿ ಕರುಳು ನೋಡಿ, ಡಾಕ್ಟರು ರೋಗದ ಹೆಸರು ಹೇಳಿದರು: ಸೀಲಿಯಾಕ್.

‘ಗೋಧಿಯಲ್ಲಿ ಗ್ಲುಟೆನ್ ಅನ್ನೋ ಅಂಟಿನ ಅಂಶ ಇದೆ. ಈ ಮಗುವಿನ ಮೈಗೆ ಅದು ಶತ್ರು. ಟರ್ಕಿ ಟವೆಲ್ಲಿನ ಮೇಲೆ ಸಣ್ಣ ಕುಚ್ಚು ಇರ್ತದಲ್ಲ, ಕರುಳೊಳಗೂ ಹಾಗೇ ಇರ್ತದೆ. ಗ್ಲುಟೆನ್ ಹೋದಾಗಲೆಲ್ಲ ಆ ಕುಚ್ಚು ಸವೆದು ಬೋಳಾಗ್ತದೆ. ಆಮೇಲೆ ಏನು ತಿಂದರೂ ಮೈಗೆ ಹತ್ತಲ್ಲ. ಇದಕ್ಕೆ ಊಟವೇ ಔಷಧಿ. ಬದುಕಿರೋ ತನಕ ಗೋಧಿ, ಬಾರ್ಲಿ ಬಿಡಬೇಕು.’

ಟವೆಲ್ಲಿನ ಕುಚ್ಚು ನೇಕಾರನಿಗೆ ಅರ್ಥವಾಯಿತು. ಅಂದೇ ಮನೆಯಿಂದ ಗೋಧಿ ಹಿಟ್ಟು, ರವೆ, ಸೇಮಿಗೆ, ಬಿಸ್ಕತ್ತು, ಬನ್ನು ಎಲ್ಲ ಹೊರಗೆ ಹೋದವು. ಅನ್ನ, ರಾಗಿ, ಇಡ್ಲಿ ಉಳಿದವು. ಮಾಲತಿಯ ಕೆನ್ನೆ ತುಂಬಿತು, ಅವಳು ಓಡಿ ಆಡಿದಳು. ಈಗ ಮತ್ತೆ ಹೊಟ್ಟೆ ಉಬ್ಬುತ್ತಿದೆ. ಇವತ್ತಿನ ರಿಪೋರ್ಟು ನೋಡಿ ಡಾಕ್ಟರು, ‘ಎಲ್ಲಿಂದಲೋ ಗೋಧಿ ಒಳಗೆ ಹೋಗ್ತಾ ಇದೆ. ಹೀಗೇ ಬಿಟ್ಟರೆ ಬೆಳವಣಿಗೆ ನಿಲ್ತದೆ, ಮೂಳೆ ಟೊಳ್ಳಾಗ್ತದೆ’ ಎಂದರು. ಆಗ ಕೋಣೆಯಲ್ಲಿದ್ದವರೆಲ್ಲ ಮಾಲತಿಯ ಕಡೆಗೇ ನೋಡಿದರು. ಚಿನ್ನರಾಜನೂ ನೋಡಿದ.

ಬಸ್ಸಿಳಿದು ನಡೆಯುವಾಗ, ಮುದ್ದಿಗೆ ‘ಕಣ್ಣು’ ಎಂದು ಕರೆದು ಕೇಳಿದ.

“ಸ್ಕೂಲಲ್ಲಿ ಏನಾನ ತಿಂತೀಯಾ?”

“ಇಲ್ಲಪ್ಪಾ.”

“ನಿಜ ಏಳು ಕಣ್ಣು, ಒಡೆಯಲ್ಲ. ಪಫ್ಸು? ಯಾರ್ದಾನ ಬರ್ತ್‌ಡೇ ಕೇಕು?”

“ಕೊಡ್ತಾರೆ. ಪಕ್ಕದೋಳ್ಗೆ ಕೊಟ್ಬುಡ್ತೀನಿ.”

“ಸತ್ಯಮಾ?”

“ಸತ್ಯಮಾ.”

ಅವಳು ತಡಮಾಡದೆ ಉತ್ತರಿಸಿದ್ದೇ ಅವನಿಗೆ ಅನುಮಾನ ತಂದಿತು. ತಡಮಾಡಿದ್ದರೂ ತರುತ್ತಿತ್ತು.

ಬೀದಿ ತಿರುವಿನಲ್ಲಿ ಇಳಂಗೋನ ತಳ್ಳುಗಾಡಿ. ಗರಿಗರಿ ತಟ್ಟುವಡೆ ಎರಡರ ನಡುವೆ ತುರಿದ ಬೀಟ್ರೂಟು, ಕ್ಯಾರೆಟ್ಟು, ಈರುಳ್ಳಿ, ಎರಡು ಬಣ್ಣದ ಚಟ್ನಿ. ಸೇಲಂನ ಮಕ್ಕಳು ನಡೆಯಲು ಕಲಿಯುವುದೇ ಈ ‘ಸೆಟ್ಟಿ’ನ ವಾಸನೆ ಹಿಡಿದು.

“ವಾ ಕಣ್ಣು! ಒಂದ್ ಸೆಟ್ ಆಕ್ಲಾ?”

ಮಾಲತಿ ಗಾಡಿಯನ್ನು ನೋಡಲಿಲ್ಲ, ಅಪ್ಪನ ಮುಖ ನೋಡಿದಳು.

“ಬ್ಯಾಡ,” ಎಂದ ಚಿನ್ನರಾಜ್.

“ಯೋವ್, ಇದು ಅರಿಸಿ ಮಾವು ಕಣಯ್ಯಾ, ಅಕ್ಕಿ ಇಟ್ಟು. ನಾನೇನು ವಿಷಮಾ ಇಕ್ಕಿದೀನಿ?”

“ಏನಿಕ್ಕಿದೀಯೋ, ಯಾರು ಕಂಡ್ರು?”

ಇಳಂಗೋನ ಕೈಯ ಚಮಚ ನಿಂತಿತು. “ಒಂದ್ ಮಾತು ಕೇಳಿದ್ರೆ ಏಳ್ತಿದ್ದೆ. ಕೇಳ್ದೆಲೇ ತೀರ್ಪು ಕೊಡ್ತೀಯಲ್ಲ, ಜಡ್ಜಯ್ಯ. ಓಗು, ಓಗು.”

ಆಮೇಲಿನ ವಾರವೆಲ್ಲ ಚಿನ್ನರಾಜ್ ಭಯದಲ್ಲೇ ಕಳೆದ. ನೀರಿನ ಲೋಟವನ್ನೂ ಬೆಳಕಿಗೆ ಹಿಡಿದು ನೋಡಿದ. ಮಗಳ ಬ್ಯಾಗಿನ ಮೂಲೆ ಮೂಲೆ ಮೂಸಿದ. ಒಂದು ಮಧ್ಯಾಹ್ನ ಮಗ್ಗ ನಿಲ್ಲಿಸಿ ಶಾಲೆಯ ಕಾಂಪೌಂಡಿನ ಹೊರಗೆ ನಿಂತು, ಊಟದ ಬೆಲ್ಲಾದ ಮೇಲೆ ಕಂಬಿಯ ಸಂದಿನಿಂದ ನೋಡಿದ. ಮಾಲತಿ ಬೇವಿನ ಮರದ ಕೆಳಗೆ ಒಬ್ಬಳೇ ಕೂತು ಮನೆಯ ಡಬ್ಬಿ ತೆರೆದಳು. ತಲೆಯೆತ್ತಿದಾಗ ಅಪ್ಪ ಕಂಡ. ಕೈ ಬೀಸಲಿಲ್ಲ. ತಲೆ ತಗ್ಗಿಸಿ, ಒಂದೊಂದೇ ತುತ್ತನ್ನು ಅವನಿಗೆ ಕಾಣುವ ಹಾಗೆ ಎತ್ತಿ ತಿಂದಳು.

ಅಂದು ಸಂಜೆಯಿಂದ ಮನೆಯಲ್ಲೂ ಕಮ್ಮಿ ತಿಂದಳು. ತಟ್ಟೆ ಮುಂದಿಟ್ಟರೆ, “ಇದ್ನ ತಿನ್ಬೌದಾ?” ಎಂದು ಕೇಳಿ, ಹೌದೆಂದರೂ ಅರ್ಧಕ್ಕೆ ಬಿಟ್ಟು ಏಳುತ್ತಿದ್ದಳು.

ಇದನ್ನು ನೋಡಲಾರದೆ ಅವನ ಹೆಂಡತಿ ಕಲೈವಾಣಿ ಆರೋಗ್ಯ ಕೇಂದ್ರದ ನರ್ಸು ಮುನಿಲಕ್ಷ್ಮಿಗೆ ಹೇಳಿದಳು. ಮುನಿಲಕ್ಷ್ಮಿ ಹರೂರು ಕಡೆಯವಳು, ಕನ್ನಡದವಳು. ಊಟದ ಕಟ್ಟುಪಾಡಿನ ರೋಗಿಗಳನ್ನು ನೋಡಿಕೊಳ್ಳುವುದೇ ಅವಳ ಕೆಲಸ. ಮಾಲತಿಯ ಹುಟ್ಟಿದಹಬ್ಬಕ್ಕೆ ಮುಂಚಿನ ಭಾನುವಾರ ಅವಳು ಎರಡು ಡಬ್ಬಿ ಹಿಟ್ಟು ಹಿಡಿದು ಮನೆಗೆ ಬಂದಳು.

ಬಾಗಿಲಲ್ಲೇ ಚಿನ್ನರಾಜನ ತಾಯಿ ರಾಜಾತಿ ತಡೆದಳು. “ಬಾಮ್ಮಾ ನರ್ಸಮ್ಮಾ. ನಮ್ ಕಾಲ್ದಾಗೆ ಗೋದಿ ತಿಂದು ಸತ್ತೋರ್ನ ನಾನು ನೋಡ್ನಿಲ್ಲ. ಇದೇನು ಒಸಾ ಕಾಯಿಲೆ?”

“ನಿಮ್ ಕಾಲ್ದಾಗೆ ಗೋದಿ ಎಲ್ಲಿತ್ತಜ್ಜೀ? ದೀಪಾವಳಿಗೊಂದ್ ದಪ ಪೂರಿ. ಅದೂ ನಿಮ್ಮತ್ತೆ ಲೆಕ್ಕ ಆಕಿ ಕೊಡ್ತಿದ್ಲು.”

ರಾಜಾತಿಗೆ ನಗು ತಡೆಯಲಾಗಲಿಲ್ಲ. “ವಾಯಾಡಿ, ಬಾಯಿ ಜೋರು ನಿಂದು! ನಮ್ಮತ್ತೆ ನಿಂಗೆಲ್ಲಿ ಸಿಕ್ಕಿದ್ಲು?”

“ಕಾಯಿಲೆ ಆಗ್ಲೂ ಇತ್ತಜ್ಜಿ. ಅದ್ಕೆ ಎಸರು ಅಂತ ಇರ್ನಿಲ್ಲ. ‘ಕೂಸು ಏಳಿಗೆ ಆಗ್ನಿಲ್ಲ’ ಅಂತ ಸುಮ್ನಾಗ್ತಿದ್ರು.” ಮುನಿಲಕ್ಷ್ಮಿ ಒಳಗೆ ಬಂದು ಮಾಲತಿಯ ಗಲ್ಲ ಹಿಡಿದಳು. “ಏನ್ಲೇ, ಬರ್ತ್‌ಡೇಗೆ ಕೇಕ್ ಬ್ಯಾಡ್ವಾ?”

ಮಾಲತಿ ಅಪ್ಪನ ಕಡೆ ನೋಡಿ, “ನಂಗೆ ಆಗಲ್ಲಕ್ಕಾ” ಎಂದಳು.

“ಯಾವೋನು ಏಳಿದ್ದು? ಇದು ನಮ್ಮೂರ ರಾಗಿ. ತೊಳ್ದು ಒಣಗ್ಸಿ ಮಿಕ್ಸೀಲೇ ಬೀಸಿದೀನಿ. ಮಿಲ್ಲಲ್ಲಿ ಮುಂಚೆ ಯಾರೋ ಗೋದಿ ಬೀಸಿರ್ತಾರೆ, ಅದು ಕಲ್ಲಲ್ಲೇ ಕೂತಿರ್ತದೆ. ಇದು ಮರಗೆಣಸಿನ ಇಟ್ಟು, ನಮ್ ಸೇಲಂ ಜವ್ವರಿಸಿ, ಅದೇ ಸಬ್ಬಕ್ಕಿ, ಮಾಡ್ತಾರಲ್ಲ, ಅದೇ ಕುಚ್ಚಿಕಿಳಂಗು. ಮೈದಾದಲ್ಲಿರೋ ಅಂಟು ಇಲ್ಲಿಲ್ಲ. ಅದ್ಕೆ ಇದೂ ಮಾಗಿದ ಬಾಳೆಅಣ್ಣೂ ಸೇರಿ ಇಟ್ಟನ್ನ ಇಡ್ಕೊಂತವೆ. ಕಲೈವಾಣಿ, ಜರಡಿ ಕೊಡು.”

“ರೀ, ಜರಡಿ ಅಲ್ಲೈತೆ ನೋಡಿ,” ಎಂದು ಕಲೈವಾಣಿ ಅಡಿಗೆಮನೆಯಿಂದ ಕೂಗಿದಳು.

ಚಿನ್ನರಾಜ್ ಮಗ್ಗದ ಗುಂಡಿಯಿಂದ ಎದ್ದ. ಜರಡಿ ಅಂದು ಅಡಿಗೆಮನೆಗೆ ಹೋಗದೆ ಮಗ್ಗದ ಕಂಬದಲ್ಲೇ ತೂಗುತ್ತಿತ್ತು. ತೆಗೆದುಕೊಂಡು, ರೂಢಿಯಂತೆ ಮೊಣಕಾಲಿಗೆ ಎರಡು ಸಲ ತಟ್ಟಿದ. ಕಪ್ಪು ಲುಂಗಿಯ ಮೇಲೆ ಬಿಳಿ ಹುಡಿ ಬಿತ್ತು.

ಅವನು ನಿಂತೇಬಿಟ್ಟ.

ಮಗ್ಗಕ್ಕೆ ಏರಿಸುವ ಉದ್ದನೆಯ ನೂಲಿಗೆ, ಅಂದರೆ ಪಾವಿಗೆ, ಗಂಜಿ ಹಾಕಬೇಕು. ಮೊದಲು ಅನ್ನದ ಗಂಜಿ ಹಾಕುತ್ತಿದ್ದರು. ದೀಪಾವಳಿಯಾದ ಮೇಲೆ ಹೊಸ ನೂಲು ಬಂತು, ಅದಕ್ಕೆ ಮೈದಾ ಗಂಜಿಯೇ ನಿಲ್ಲುತ್ತದೆ ಎಂದು ನೂಲು ಕೊಟ್ಟವರು ಹೇಳಿದರು. ಬೆಳಿಗ್ಗೆ ಎಲ್ಲರೂ ಏಳುವ ಮುಂಚೆ ಅವನೇ ಮೈದಾ ಜರಡಿ ಹಿಡಿದು, ಕಲಸಿ, ಕಾಸುತ್ತಿದ್ದ. ಜರಡಿಯನ್ನು ತಟ್ಟಿ ಅಡಿಗೆಮನೆಯ ಮೊಳೆಗೆ ಮತ್ತೆ ತೂಗುಹಾಕುತ್ತಿದ್ದ. ಆಮೇಲೆ ಕಲೈವಾಣಿ ಅದರಲ್ಲೇ ಪುಟ್ಟಿನ ಅಕ್ಕಿ ಹಿಟ್ಟು, ರಾಗಿ ಹಿಟ್ಟು ಹಿಡಿಯುತ್ತಿದ್ದಳು. ಗಂಜಿ ಕದಡಿದ ಸೌಟು ಸಾರಿನ ಪಾತ್ರೆಗೂ ಹೋಗುತ್ತಿತ್ತು. ಮನೆಯ ಗೋಧಿಯನ್ನೆಲ್ಲ ಹೊರಗೆ ಹಾಕಿದವರು ಮಗ್ಗದ ಕೆಳಗೆ ಮೈದಾ ಮೂಟೆ ಇಟ್ಟುಕೊಂಡಿದ್ದರು. ಅದು ಎಲ್ಲರ ಕಣ್ಣೆದುರೇ ಇತ್ತು. ಅದು ತಿನ್ನುವ ಮೈದಾ ಅಲ್ಲವಲ್ಲ, ಯಾರಿಗೂ ಹೊಳೆಯಲಿಲ್ಲ.

“ಯಾಕಣ್ಣಾ ನಿಂತ್ಕಂಡೆ?” ಎಂದಳು ಮುನಿಲಕ್ಷ್ಮಿ.

“ಈ ಜರಡಿ ಬ್ಯಾಡ,” ಎಂದ. “ಇದ್ರಾಗೆ ಪಾವಿನ ಮೈದಾ ಇಡಿತೀನಿ.”

ಕಲೈವಾಣಿ ಬಾಗಿಲಿಗೆ ಬಂದು ಬಾಯಿಗೆ ಸೆರಗು ಒತ್ತಿಕೊಂಡಳು. ರಾಜಾತಿ ಮಾತ್ರ, “ಅಯ್ಯೇ, ಅದು ತಿನ್ನಾದಾ? ನೂಲಿಗಾಕಾದು. ತಟ್ಟಿ ಇಡ್ತಾನಲ್ಲ!” ಎಂದಳು.

“ಅಜ್ಜೀ, ಯಾತಕ್ಕೆ ತಂದ ಮೈದಾ ಅಂತ ಕರುಳು ಕೇಳಲ್ಲ. ಮುಟ್ಟಿದ್ರೆ ಏನೂ ಆಗಲ್ಲ, ಒಳಗೆ ಓದ್ರೆ ಆಯ್ತದೆ. ತೂತಲ್ಲಿ ಕೂತಿರೋ ಈ ಚೂರು ದಿನಾ ಓದ್ರೆ ಸಾಕು. ನೀವು ಮುಂದ್ಗಡೆ ಬಾಗ್ಲಿಗೆ ಬೀಗ ಜಡ್ದು ಕೂತಿದೀರಿ, ಕಳ್ಳ ಒಳಗೇ ಉಂಡು ಮಲಗವ್ನೆ.”

ರಾಜಾತಿ ಮೊಮ್ಮಗಳ ಕಡ್ಡಿಯಂಥ ಕೈ ಹಿಡಿದುಕೊಂಡು, “ಮೂಟೆ ಎತ್ತಿ ಒರ್ಗಾಕೋ,” ಎಂದು ಮಗನನ್ನು ಗದರಿದಳು.

ಮಾಲತಿ ಅಪ್ಪನನ್ನು ನೋಡುತ್ತಿದ್ದಳು. ಅವನು ಜರಡಿಯನ್ನು ನೋಡುತ್ತಿದ್ದ.

“ಅಕ್ಕಾ, ಅಂಗಾದ್ರೆ ಕೇಕ್ ಆಗಲ್ವಾ?” ಎಂದಳು ಮಾಲತಿ.

ಚಿನ್ನರಾಜ್ ಚಪ್ಪಲಿ ಮೆಟ್ಟದೆಯೇ ಅಂಗಡಿಗೆ ಓಡಿದ. ಹೊಸ ಜರಡಿ, ಹೊಸ ಮರದ ಸೌಟು ತಂದ. ಮುನಿಲಕ್ಷ್ಮಿ ಎರಡು ಪಾಲು ರಾಗಿ ಹಿಟ್ಟಿಗೆ ಒಂದು ಪಾಲು ಮರಗೆಣಸಿನ ಹಿಟ್ಟು, ಬೆಲ್ಲದ ಪುಡಿ, ಕಿವುಚಿದ ಬಾಳೆಹಣ್ಣು, ಎರಡು ಮೊಟ್ಟೆ, ಮೊಸರು, ಎಣ್ಣೆ, ಚಿಟಿಕೆ ಅಡಿಗೆ ಸೋಡ ಸೇರಿಸಿ ಮಾಲತಿಯ ಕೈಯಲ್ಲೇ ಕಲಸಿಸಿದಳು. ದಪ್ಪ ಪಾತ್ರೆಯ ತಳದಲ್ಲಿ ಉಪ್ಪು ಹರಡಿ, ಒಳಗೆ ಹಿಟ್ಟು ಸುರಿದ ಡಬ್ಬಿ ಇಟ್ಟು, ಮುಚ್ಚಿ, ಸಣ್ಣ ಉರಿಯಲ್ಲಿ ಬೇಯಿಸಿದರು. ಬೆಲ್ಲ ಸುಟ್ಟ ವಾಸನೆ ಬೀದಿಗೆ ಬಂದು ಪಕ್ಕದ ಮನೆಯವರೂ ಇಣುಕಿದರು. ಮೊದಲ ತುಂಡನ್ನು ರಾಜಾತಿ ತಿಂದು ನೋಡಿ, “ಪರ್ವಾಗಿಲ್ಲ. ಇನ್ನೊಂದ್ ಚೂರು ಕೊಟ್ರೆ ಸರೀಗ್ ಏಳ್ತೀನಿ” ಎಂದಳು.

ಮರುದಿನದಿಂದ ಪಾವಿಗೆ ಮರಗೆಣಸಿನ ಗಂಜಿ ಬಂತು. ಮೈದಾ ಮತ್ತೆ ಮನೆಯ ಹೊಸ್ತಿಲು ದಾಟಲಿಲ್ಲ.

ಹುಟ್ಟಿದಹಬ್ಬದ ಸಂಜೆ ಮುನಿಲಕ್ಷ್ಮಿ ಅಪ್ಪ ಮಗಳನ್ನು ಇಳಂಗೋನ ಗಾಡಿಗೆ ಕರೆದುಕೊಂಡು ಹೋದಳು. ಚಿನ್ನರಾಜನ ಕಾಲು ಹಿಂದೆ ಹಿಂದೆ ಎಳೆಯುತ್ತಿತ್ತು. “ಬಾಯಿ ಬುಟ್ಟು ಕೇಳಣ್ಣಾ,” ಎಂದಳು ಅವಳು, “ಭಯ ಒಳಗಿದ್ರೆ ಬೆಳೀತದೆ.”

“ಇಳಂಗೋ... ಮೈದಾ ಸೇರಿಸ್ತೀಯಾ?”

“ಇಲ್ಲ.”

“ಇದೇ ಎಣ್ಣೇಲಿ ಬೇರೆ ಏನಾನ ಕರೀತೀಯಾ?”

“ಬೆಳಿಗ್ಗೆ ವಡೆ ಒಂದೇ. ಸಮೋಸ ನನ್ ತಮ್ಮಂದು, ಅವನ ಬಾಣ್ಲೇನೇ ಬೇರೆ.”

“ಪೆರುಂಗಾಯಂ?” ಇದನ್ನು ಕೇಳಿದವಳು ಮಾಲತಿ. ಅಂಗಡಿಯ ಇಂಗಿನ ಪುಡಿಯಲ್ಲಿ ಹೆಚ್ಚಾಗಿ ಗೋಧಿ ಹಿಟ್ಟು ಬೆರೆಸಿರುತ್ತಾರೆಂದು ಮುನಿಲಕ್ಷ್ಮಿ ಹೇಳಿಕೊಟ್ಟಿದ್ದಳು.

ಇಳಂಗೋ ತಲೆ ಕೆರೆದುಕೊಂಡ. “ವಡೇಲಿಲ್ಲ. ಅಸಿರು ಚಟ್ನೀಲಿ ಚೂರೈತೆ. ನಿಂಗೆ ಕೆಂಪು ಚಟ್ನಿ ಮಾತ್ರ ಆಕ್ತೀನಿ, ತೊಳ್ದ ಚಮ್ಚದಲ್ಲಿ. ಸರಿಯಾ, ಡಾಕ್ಟರಮ್ಮಾ?”

ಮಾಲತಿ ವಡೆ ಕಚ್ಚಿದಳು. ಗರಕ್ಕೆಂದ ಸದ್ದಿಗೆ ಚಿನ್ನರಾಜ್ ಒಂದು ಹೆಜ್ಜೆ ಮುಂದಿಟ್ಟು ನಿಂತ. ರಾತ್ರಿಯೆಲ್ಲ ಅವಳ ಹೊಟ್ಟೆಯ ಮೇಲೆ ಕೈಯಿಟ್ಟು ಎಚ್ಚರವಿದ್ದ. ಏನೂ ಆಗಲಿಲ್ಲ. ಕೆಲವು ತಿಂಗಳ ಮೇಲೆ ರಕ್ತ ನೋಡಿದಾಗ ರಿಪೋರ್ಟಿನಲ್ಲಿ ಗೋಧಿಯ ಗುರುತು ಕೊಡುವ ಅಂಕಿ ಇಳಿದಿತ್ತು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ಮಗು ತಿಂದದ್ದು ಮೈಗೆ ಹತ್ತದೆ, ಹೊಟ್ಟೆ ಉಬ್ಬಿ, ಭೇದಿಯಾಗಿ, ಬೆಳೆಯದೆ ನಿಂತಿದ್ದರೆ ಪರೀಕ್ಷೆ ಮಾಡಿಸಿ. ಪರೀಕ್ಷೆಗೆ ಮುಂಚೆ ನೀವಾಗಿಯೇ ಗೋಧಿ ಬಿಡಿಸಬೇಡಿ, ಬಿಡಿಸಿದರೆ ರೋಗ ಪರೀಕ್ಷೆಯಲ್ಲಿ ಕಾಣದೆ ಹೋಗಬಹುದು. ಈ ರೋಗ ಮನೆತನದಲ್ಲಿ ಬರುವುದುಂಟು, ಒಡಹುಟ್ಟಿದವರಿಗೂ ತಂದೆತಾಯಿಗೂ ಪರೀಕ್ಷೆ ಮಾಡಿಸಿ. ರೋಗ ಇದೆ ಎಂದು ಗೊತ್ತಾದ ಮೇಲೆ ಮಗುವಿನ ನಾಲಿಗೆಗೆ ಬೀಗ ಹಾಕಬೇಡಿ. ನಮ್ಮ ರಾಗಿ, ಸಾಮೆ, ಅಕ್ಕಿ, ಜವ್ವರಿಸಿ, ಮರಗೆಣಸಿನಲ್ಲಿ ಹಬ್ಬ ಮಾಡುವಷ್ಟು ರುಚಿಯಿದೆ. ಹೋಟೆಲಿನಲ್ಲಿ ನಾಚದೆ ಕೇಳಿ: ಹಿಟ್ಟು ಯಾವುದು, ಎಣ್ಣೆ ಯಾವುದು, ಪರೋಟ ಬೇಯಿಸಿದ ಕಲ್ಲಿನ ಮೇಲೇ ದೋಸೆಯೋ? ಉತ್ತರ ಸರಿಯಿಲ್ಲದಿದ್ದರೆ ಎದ್ದು ಬನ್ನಿ. ಅದಕ್ಕೂ ಮುಂಚೆ ನಿಮ್ಮ ಮನೆಯ ಜರಡಿ, ಸೌಟು, ಮೊಳೆ, ಮೂಲೆಗಳನ್ನು ನೋಡಿ. ತಿನ್ನಲಿಲ್ಲ ಎಂದು ಮಗು ಹೇಳಿದರೆ, ಆ ಮಾತನ್ನು ನಂಬಿ ಹುಡುಕಲು ಶುರುಮಾಡಿ.

ಚಿನ್ನರಾಜ್ ಜರಡಿಯ ಸಂಗತಿಯನ್ನು ಡಾಕ್ಟರಿಗೆ ಹೇಳಿದ, ಬೀದಿಯ ನೇಕಾರರಿಗೆಲ್ಲ ಮನೆಮನೆಗೆ ಹೋಗಿ ಹೇಳಿದ. ‘ನೀನು ನಿಜ ಹೇಳಿದ್ದೆ, ನಾನು ನಂಬಲಿಲ್ಲ’ ಎಂದು ಮಾಲತಿಗೆ ಮಾತ್ರ ಅವನು ಹೇಳಲೇ ಇಲ್ಲ.